ಕಲ್ಲಮ್ಮ ಮೂಸಿದ ಡ್ರಮ್ಮುಗಳು

ಬೆಳಗಿನ ಜಾವ ನಾಲ್ಕೂವರೆ. ಭದ್ರಾವತಿಯ ಕಾಗದನಗರದ ಬೆನ್ನಿಗಿರುವ ಗಲ್ಲಿಯಲ್ಲಿ ನಾಯಿಗಳೂ ಇನ್ನೂ ಎದ್ದಿಲ್ಲ. ಕಲ್ಲಮ್ಮ ಮುಖಕ್ಕೆ ನೀರು ಹಾಕಿಕೊಂಡು, ಗೋಡೆಗೂಡಿನಲ್ಲಿಟ್ಟ ಸಣ್ಣ ಬಾಟಲಿಯಿಂದ ಒಂದು ಬಿಳಿ ಮಾತ್ರೆಯನ್ನು ಅಂಗೈಗೆ ಬೀಳಿಸಿ, ಒಂದು ಲೋಟ ನೀರಿನೊಂದಿಗೆ ನುಂಗುತ್ತಾರೆ. ಟೀ ಇಲ್ಲ. ಮಾತ್ರೆ ನುಂಗಿ ಅರ್ಧ ಗಂಟೆ ಹೊಟ್ಟೆಗೆ ಏನೂ ಹಾಕುವಂತಿಲ್ಲ. ನೀರಿನ ವಾಲ್ವ್ ತಿರುಗಿಸುವ ಎದೆಮಟ್ಟದ ಕಬ್ಬಿಣದ ಕೀಯನ್ನು ಹೆಗಲಿಗೇರಿಸಿ ಬೀದಿಗಿಳಿಯುತ್ತಾರೆ. ಮೊದಲ ವಾಲ್ವ್ ತೆರೆದು ಎರಡನೆಯದರ ಹತ್ತಿರ ಹೋಗುವ ಹೊತ್ತಿಗೆ ಆ ಅರ್ಧ ಗಂಟೆ ಮುಗಿದಿರುತ್ತದೆ. ಅದಕ್ಕೆ ಅವರಿಗೆ ಗಡಿಯಾರ ಬೇಕಿಲ್ಲ.

ಆರು ಬೀದಿಗೆ ನೀರು ಬಿಡುವುದು ಅವರ ಕೆಲಸ. ರಸ್ತೆ ಬದಿಯ ಗುಂಡಿಯ ಮುಚ್ಚಳ ಸರಿಸಿ, ಕೀಯನ್ನು ಒಳಗಿಳಿಸಿ, ಹಿಡಿಯ ಮೇಲೆ ಮೈಭಾರ ಪೂರ್ತಿ ಹಾಕಿ ತಿರುಗಿಸಬೇಕು. ಹಿಂದೆ ಈ ಕೆಲಸ ಗಂಡ ಚಂದ್ರು ಮಾಡುತ್ತಿದ್ದರು. ಮಳೆಗಾಲದಲ್ಲಿ ಅದೇ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೀ ಹೆಂಡತಿಯ ಹೆಗಲಿಗೆ ಬಂತು. ಗುತ್ತಿಗೆದಾರನ ಪುಸ್ತಕದಲ್ಲಿ ಇವತ್ತಿಗೂ ಇರುವುದು ಚಂದ್ರು ಹೆಸರೇ. ಐದು ವರ್ಷದಿಂದ ಊರಿಗೆ ನೀರು ಬಿಡುತ್ತಿರುವ ಹೆಂಗಸು ಯಾವ ಕಾಗದದಲ್ಲೂ ಇಲ್ಲ.

ನೀರು ಬಿಟ್ಟು ಮನೆಗೆ ಹೋಗುವುದು ಎಲ್ಲರೂ ಮಾಡುವುದು. ಕಲ್ಲಮ್ಮ ಹೋಗುವುದಿಲ್ಲ. ನಲ್ಲಿಯ ಮುಂದೆ ಸಾಲಿಟ್ಟ ಕೊಡ, ಬಿಂದಿಗೆ, ಬಕೆಟ್ಟುಗಳ ನಡುವೆ ನೀಲಿ ಪ್ಲಾಸ್ಟಿಕ್ ಡ್ರಮ್ ಕಂಡರೆ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಾರೆ. ಮುಚ್ಚಳ ಬಿಚ್ಚಿ ಭುಜದವರೆಗೂ ತಲೆ ಒಳಗೆ ತೂರಿಸುತ್ತಾರೆ. ಒಮ್ಮೆ ಮೂಸಿ ಹೊರಬಂದು, ಮೂಗನ್ನು ಸೆರಗಿನಿಂದ ಉಜ್ಜಿ, ಮತ್ತೆ ತಲೆ ಒಳಗೆ. ಮತ್ತೂ ಒಮ್ಮೆ.

“ಇದ್ಯಾವ ಪೂಜೆನಮ್ಮಾ ಬೆಳ್‌ಬೆಳಿಗ್ಗೆ?” ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕೇಳುತ್ತಾಳೆ.

“ಪೊಲೀಸ್ ನಾಯಿ ಕಣಮ್ಮ ಅದು,” ಪಕ್ಕದ ಮನೆಯ ತಮಿಳು ಅಜ್ಜಿ ಬಾಯಲ್ಲಿನ ಎಲೆಅಡಿಕೆ ಪಕ್ಕಕ್ಕೆ ಸರಿಸಿ ಹೇಳುತ್ತಾಳೆ. “ಸುಮ್ನೆ ನಿಲ್ಲು. ನಾಲ್ಕು ವರ್ಷದ ಕೆಳಗೆ ನನ್ನ ಡ್ರಮ್ಮೂ ಹಿಂಗೇ ಮೂಸಿ ತಳಕ್ಕೆ ತೂತು ಹಾಕಿದ್ಲು. ಮೂರು ದಿನ ಬೈದಿದೀನಿ, ಕನ್ನಡದಲ್ಲೂ ತಮಿಳಲ್ಲೂ.”

ಕಲ್ಲಮ್ಮ ನಗುವುದಿಲ್ಲ. “ಇದನ್ನ ಹತ್ತು ಗಂಟೆ ಹೊತ್ತಿಗೆ ಬಿಸಿಲಲ್ಲಿ ಮುಚ್ಚಿಡು ತಾಯಿ,” ಎಂದು ಸೊಸೆಗೆ ಹೇಳುತ್ತಾರೆ. “ಒಂದು ಗಂಟೆ ಬಿಟ್ಟು ಬಿಚ್ಚಿ ನೀನೂ ಮೂಸು. ಬಾಳೆಹಣ್ಣು ಕೊಳೆತ ಹಂಗೆ ಏನಾದ್ರೂ ಬಂದ್ರೆ ಕುಡಿಯೋ ನೀರು ತುಂಬಬೇಡ. ನನ್ನ ಕರಿ, ಬರ್ತೀನಿ.”

ನಾಲ್ಕು ವರ್ಷದಲ್ಲಿ ಹೀಗೆ ಅವರು ಅರವತ್ತೆರಡು ಡ್ರಮ್ ನಿಲ್ಲಿಸಿದ್ದಾರೆ. ಇದಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಸಿಕ್ಕಿದೆ. ವಯಸ್ಸು ಇಪ್ಪತ್ತೇಳು, ನೋಡಿದವರು ನಲವತ್ತು ಎನ್ನುತ್ತಾರೆ. ಕಣ್ಣಿನ ಸುತ್ತ ಊತ, ದಪ್ಪಗಾದ ದನಿ, ಬಾಚಣಿಗೆಗೆ ಸಿಗದಷ್ಟು ತೆಳುವಾದ ಕೂದಲು. ಕುತ್ತಿಗೆಯ ಬುಡದಲ್ಲಿ ಸಣ್ಣ ಉಬ್ಬು. ಅದನ್ನು ಅವರು ಮರೆಮಾಡುವುದೂ ಇಲ್ಲ, ತೋರಿಸುವುದೂ ಇಲ್ಲ.

ಇದು ಶುರುವಾದದ್ದು 1990ರಲ್ಲಿ, ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ. ಊರಿನ ದೊಡ್ಡ ಕಾರ್ಖಾನೆಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಖಾಸಗಿ ಆಸಾಮಿಯೊಬ್ಬ ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಖಾಲಿ ಡ್ರಮ್ ತರಿಸುತ್ತಿದ್ದ. ಔಷಧಿ, ಬಣ್ಣ, ಅಂಟು, ಹೆಸರೇ ಗೊತ್ತಿಲ್ಲದ ಎಣ್ಣೆಗಳು ಬಂದು ಹೋದ ಡ್ರಮ್ಮುಗಳು. ಕೆಲವಕ್ಕೆ ಬುರುಡೆಯ ಚಿತ್ರ, ಕೆಲವಕ್ಕೆ ಯಾರಿಗೂ ಓದಲು ಬಾರದ ಅಕ್ಷರ. ಅವನ್ನು ತೊಳೆಸಿ ನೀರಿನ ಡ್ರಮ್ ಎಂದು ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತ ಮಾರುವುದು ಅವನ ವ್ಯಾಪಾರ. ತೊಳೆಯುವವರು ಎಂಟರಿಂದ ಹದಿನೆಂಟರೊಳಗಿನ ಹುಡುಗಿಯರು. ಮಕ್ಕಳ ಮೈ ಸಣ್ಣದು, ಡ್ರಮ್ಮಿನೊಳಗೆ ಹಿಡಿಸುತ್ತದೆ. ಯಜಮಾನನಿಗೆ ಬೇಕಾಗಿದ್ದುದು ಇಷ್ಟೇ. ಇದನ್ನು ಕಂಡೂ ಕಾಣದಂತೆ ಆ ದಾರಿಯಲ್ಲಿ ಓಡಾಡಿದ ದೊಡ್ಡವರೆಲ್ಲ ಇವತ್ತು “ಆಗ ಯಾರಿಗೆ ಗೊತ್ತಿತ್ತು” ಎನ್ನುತ್ತಾರೆ. ಬುರುಡೆಯ ಚಿತ್ರ ನೋಡಿ ಅರ್ಥ ಮಾಡಿಕೊಳ್ಳಲು ಯಾವ ಓದು ಬೇಕಾಗಿತ್ತು?

ಕಲ್ಲಮ್ಮನ ಅಪ್ಪ ಲಾರಿಗೆ ಸಿಕ್ಕಿ ತೀರಿಕೊಂಡ ವರ್ಷ ಅದು. ತಾಯಿ ದುರ್ಗಮ್ಮ ಮೂರನೆಯ ಕ್ಲಾಸಿನಿಂದ ಮಗಳನ್ನು ಬಿಡಿಸಿ ಶೆಡ್ಡಿಗೆ ಕರೆದುಕೊಂಡು ಹೋದರು. ಮರಳು, ತೆಂಗಿನ ನಾರು, ಒಗೆಯುವ ಸೋಡದ ನೀರು, ಸೀಮೆಎಣ್ಣೆ. ಮೊದಲು ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಬಟ್ಟೆಯಲ್ಲಿ ಹೀರಿ ತೆಗೆಯಬೇಕು, ಆಮೇಲೆ ಒಳಗಿಳಿದು ತಿಕ್ಕಬೇಕು. ಕೈಯ ಚರ್ಮ ಸುಲಿದರೆ ಕೊಬ್ಬರಿ ಎಣ್ಣೆ. ತಲೆ ಸುತ್ತಿದರೆ ಹೊರಗೆ ಬಂದು ಬೇವಿನ ಮರದಡಿ ಐದು ನಿಮಿಷ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನಕ್ಕೂ ಅದೇ ವಾಸನೆ.

“ನಮಗೆ ಅದು ಕಷ್ಟ ಅಂತ ಗೊತ್ತಿರ್ಲಿಲ್ಲ,” ಎನ್ನುತ್ತಾರೆ ಕಲ್ಲಮ್ಮ. “ಡ್ರಮ್ಮೊಳಗೆ ಕೂತು ಹಾಡು ಹೇಳಿದ್ರೆ ಗುಂಯ್ ಅಂತ ಕೇಳೋದು. ಅದಕ್ಕೇ ಜಗಳ ಆಡಿ ಒಳಗೆ ಇಳೀತಿದ್ವಿ.”

ಡ್ರಮ್ ಶುದ್ಧವಾಯಿತೋ ಇಲ್ಲವೋ ಎಂದು ತಿಳಿಯಲು ಶೆಡ್ಡಿನಲ್ಲಿ ಒಂದೇ ದಾರಿ, ಮೂಸಿ ನೋಡುವುದು. ಕಲ್ಲಮ್ಮನ ಮೂಗು ಚುರುಕು ಎಂದು ಒಂದೇ ವರ್ಷದಲ್ಲಿ ಎಲ್ಲರಿಗೂ ಗೊತ್ತಾಯಿತು. ಹತ್ತು ವರ್ಷದ ಹುಡುಗಿಯನ್ನು ಯಜಮಾನ ಸ್ಟೂಲಿನ ಮೇಲೆ ಕೂರಿಸಿದ. ತೊಳೆದ ಪ್ರತಿ ಡ್ರಮ್ಮೂ ಅವಳ ಮುಂದೆ ಬರಬೇಕು. ಅವಳು ತಲೆ ಒಳಗಿಟ್ಟು ಉಸಿರೆಳೆಯಬೇಕು. ಘಾಟು ಇದ್ದರೆ ವಾಪಸ್ಸು. ಇಲ್ಲದಿದ್ದರೆ ಪಕ್ಕದ ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ಡ್ರಮ್ಮಿನ ಕೊರಳಿಗೆ ಒಂದು ಬೊಟ್ಟು. ಆ ಬೊಟ್ಟು ಕಂಡರೆ ಅಂಗಡಿಯವರು ಮರುಮಾತಿಲ್ಲದೆ ಇಳಿಸಿಕೊಳ್ಳುತ್ತಿದ್ದರು. “ಕಲ್ಲಮ್ಮ ಮೂಸಿದ್ದು” ಎಂದರೆ ಮುದ್ರೆ ಒತ್ತಿದ ಹಾಗೆ. ವಾರಕ್ಕೆ ನಲವತ್ತು ಡ್ರಮ್, ಎಂಟು ವರ್ಷ. ಬೇರೆ ಹುಡುಗಿಯರು ತಮ್ಮ ಪಾಲಿನ ಡ್ರಮ್ಮುಗಳ ಗಾಳಿ ಮಾತ್ರ ಕುಡಿದರೆ, ಈ ಹುಡುಗಿ ಎಲ್ಲರ ಡ್ರಮ್ಮುಗಳದ್ದನ್ನೂ ಕುಡಿದಳು. ಅದಕ್ಕೆ ಹೆಮ್ಮೆಯನ್ನೂ ಪಟ್ಟಳು.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸದ ಹುಡುಗಿಯ ಮದುವೆ ಗೊತ್ತಾದರೆ ಯಜಮಾನ ಐವತ್ತು ಲೀಟರಿನ ಒಂದು ನೀಲಿ ಡ್ರಮ್ಮನ್ನು ಉಡುಗೊರೆ ಕೊಡುತ್ತಿದ್ದ. ಹುಡುಗಿಯರು ಅದನ್ನು ತಿಂಗಳುಗಟ್ಟಲೆ ಮೊದಲೇ ಆರಿಸಿಟ್ಟುಕೊಳ್ಳುತ್ತಿದ್ದರು. ದಪ್ಪ ಗೋಡೆಯದು, ತಿರುಪಿನ ಮುಚ್ಚಳದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಸಿಹಿ ವಾಸನೆಯದು. ಎಷ್ಟು ತೊಳೆದರೂ ಕಳಿತ ಬಾಳೆಹಣ್ಣಿನ ಪರಿಮಳ ಬಿಡದ ಒಂದು ಜಾತಿಯ ಡ್ರಮ್ ಬರುತ್ತಿತ್ತು. ಘಾಟು ಅಂದರೆ ಕೆಟ್ಟದ್ದು, ಪರಿಮಳ ಅಂದರೆ ಒಳ್ಳೆಯದು. ಮಕ್ಕಳ ಲೆಕ್ಕ ಅಷ್ಟೇ. ಆರಿಸಿದ ಡ್ರಮ್ಮನ್ನು ಕಲ್ಲಮ್ಮನ ಮುಂದೆ ತಂದಿಟ್ಟು, “ನನ್ನದು ಕಣೇ, ಸರಿಯಾಗಿ ನೋಡೇ” ಎನ್ನುತ್ತಿದ್ದರು. ಕಲ್ಲಮ್ಮ ಮೂಸಿ ಬೊಟ್ಟಿಟ್ಟ ಮೇಲೆ ಮೊಳೆಯಿಂದ ತಳದಲ್ಲಿ ಹೆಸರಿನ ಮೊದಲ ಅಕ್ಷರ ಕೆತ್ತಿಕೊಳ್ಳುತ್ತಿದ್ದರು. ಹೀಗೆ ಹದಿನಾಲ್ಕು ಹುಡುಗಿಯರು ಹದಿನಾಲ್ಕು ಡ್ರಮ್ಮಿನ ಸಮೇತ ಗಂಡನ ಮನೆಗೆ ಹೋದರು. ಹದಿಮೂರನೆಯದು ಕಲ್ಲಮ್ಮನದೇ. ಹದಿನಾಲ್ಕನೆಯದು ಗುಂಪಿನಲ್ಲೇ ಚಿಕ್ಕವಳಾದ ಶಾಂತಮ್ಮನದು. ಅವಳಿಗೆ ಆರಿಸಲು ಬಾರದೆ ಕಲ್ಲಮ್ಮನೇ ಆರಿಸಿಕೊಟ್ಟರು. “ಇದ್ರಲ್ಲಿ ಪಾಯಸನೇ ಮಾಡಿಡಬಹುದು ಶಾಂತಿ,” ಎಂದಿದ್ದರು. 1999ರ ಮಾತು. ಮರುವರ್ಷ ಯಜಮಾನ ಸತ್ತ, ಶೆಡ್ಡು ಮುಚ್ಚಿತು. ಈಗ ಅಲ್ಲಿ ಪಾರ್ಥೇನಿಯಂ ಬೆಳೆದಿದೆ.

ಮದುವೆಯಾಗಿ ನಾಲ್ಕು ವರ್ಷದಲ್ಲಿ ಕಲ್ಲಮ್ಮನಿಗೆ ಎರಡು ಬಸಿರು ನಿಂತವು, ಎರಡೂ ಇಳಿದುಹೋದವು. ಬೇಸಿಗೆಯಲ್ಲೂ ಚಳಿ. ಮೈಯಲ್ಲಿ ಯಾರೋ ಮರಳು ತುಂಬಿದ ಹಾಗೆ ಭಾರ. ಕೂತಲ್ಲೇ ನಿದ್ದೆ. ಸೋಮಾರಿ ಎಂದು ಅತ್ತೆ, ಗಾಳಿ ಸೋಕಿದೆ ಎಂದು ತಾಯಿ. ತಾಯತ ಕಟ್ಟಿಸಿಯೂ ಆಯಿತು. ಕೊನೆಗೆ 2003ರಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಉಮಾಮಹೇಶ್ವರಿ ಕುತ್ತಿಗೆ ಮುಟ್ಟಿ ನೋಡಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸುತ್ತ ಬಂದಿದೆ ಎಂದು ಗೊತ್ತಾದ ದಿನ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. ಚಿಕ್ಕವಳಿದ್ದಾಗ ಏನು ಕೆಲಸ ಮಾಡ್ತಿದ್ದೆ?

“ಡ್ರಮ್ ತೊಳೀತಿದ್ದೆ ಅಂದೆ. ಬರೀತಿದ್ದ ಮೇಡಮ್ಮೋರು ಪೆನ್ನು ಕೆಳಗಿಟ್ರು,” ಕಲ್ಲಮ್ಮ ನೆನೆಯುತ್ತಾರೆ. “ಎಷ್ಟು ವರ್ಷ ಅಂದ್ರು. ಒಂಬತ್ತು ಅಂದೆ. ಕುಡಿಯೋ ನೀರು ಎಲ್ಲಿಡ್ತೀರ ಅಂದ್ರು. ಡ್ರಮ್ಮಲ್ಲೇ ಅಂದೆ. ಯಾವ ಡ್ರಮ್ಮು ಅಂದ್ರು.”

ಅವತ್ತು ಮನೆಗೆ ಬಂದವರೇ ಡ್ರಮ್ ಖಾಲಿ ಮಾಡಿ, ಮುಚ್ಚಿ ಬಿಸಿಲಿಗಿಟ್ಟರು. ಹೊತ್ತು ಇಳಿಯುವಾಗ ಮುಚ್ಚಳ ತೆಗೆದು ತಲೆ ಒಳಗಿಟ್ಟರು. ಬಾಳೆಹಣ್ಣು. ನಾಲ್ಕು ವರ್ಷ ದಿನಾ ನೀರು ತುಂಬಿ ಖಾಲಿ ಮಾಡಿದ್ದರೂ ಪ್ಲಾಸ್ಟಿಕ್ಕು ಆ ವಾಸನೆಯನ್ನು ತನ್ನ ಮೈಯೊಳಗೇ ಇಟ್ಟುಕೊಂಡಿತ್ತು. ಒಲೆಯಲ್ಲಿ ಕಬ್ಬಿಣದ ಸರಳು ಕಾಯಿಸಿ ಅದರ ತಳಕ್ಕೆ ಮೂರು ತೂತು ಹಾಕಿದರು. ಗುಜರಿಗೆ ಕೊಡಲಿಲ್ಲ. ಗುಜರಿಗೆ ಹೋದ ಡ್ರಮ್ ಇನ್ನೊಂದು ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಇನ್ನೊಂದು ಮಗು ಅದರೊಳಗೆ ಇಳಿಯುತ್ತದೆ. ಅದು ಅವರಿಗೆ ಗೊತ್ತಿರುವಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮಿಕ್ಕ ಹದಿಮೂರು?

ಆ ಪ್ರಶ್ನೆ ಅವರನ್ನು ಮಲಗಗೊಡಲಿಲ್ಲ. ತೊಳೆದದ್ದು ಬೇರೆಯವರಿರಬಹುದು, ಒಳ್ಳೆಯದು ಎಂದು ಬೊಟ್ಟಿಟ್ಟದ್ದು ತಾನು. ನೀರಿನ ಕೆಲಸ ಮುಗಿಸಿ, ಸಿಕ್ಕ ಬಸ್ಸು ಹತ್ತಿ, ಮದುವೆಯಾಗಿ ಹೋದವರ ಊರು ಹುಡುಕತೊಡಗಿದರು. ಶಿವಮೊಗ್ಗದ ಹಿಂದಿನ ಬೀದಿಗಳು, ತರೀಕೆರೆ, ಚನ್ನಗಿರಿ. ಒಬ್ಬಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಡ್ರಮ್ಮಿನಲ್ಲಿ ಅತ್ತೆ ಉಪ್ಪಿನಕಾಯಿ ಹಾಕಿಟ್ಟಿದ್ದಳು. ಒಬ್ಬಳಿಗೆ ಕುತ್ತಿಗೆಯ ಆಪರೇಷನ್ ಆಗಿತ್ತು, ಯಾಕೆ ಎಂದು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಸಿಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ಶಿವಮೊಗ್ಗಕ್ಕೆ ಕರೆತಂದು, ಚೀಟಿ ಮಾಡಿಸಿ, ಸಾಲಿನಲ್ಲಿ ಜೊತೆಗೆ ನಿಂತು ರಕ್ತ ಕೊಡಿಸಿದರು. ಹೀಗೆ ಮೊದಲು ಪರೀಕ್ಷೆಯಾದವರು, ಶಾಂತಮ್ಮನನ್ನು ಬಿಟ್ಟು, ಕಲ್ಲಮ್ಮನೂ ಸೇರಿ, ಹನ್ನೆರಡು ಜನ. ಅದರಲ್ಲಿ ಒಂಬತ್ತು ಜನರ ಥೈರಾಯ್ಡ್ ಕೆಟ್ಟಿತ್ತು.

ಡಾಕ್ಟರ್ ಉಮಾಮಹೇಶ್ವರಿ ಅಳೆದು ಮಾತಾಡುವವರು. “ಡ್ರಮ್ಮಿನಿಂದಲೇ ಆಯಿತು ಅಂತ ನಾನು ಬರೆದುಕೊಡಲಾರೆ. ಹೆಂಗಸರಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ನಮ್ಮ ಕಡೆ ಅಯೋಡಿನ್ ಕೊರತೆಯೂ ಇತ್ತು. ಆ ಡ್ರಮ್ಮುಗಳಲ್ಲಿ ಏನಿತ್ತು ಅನ್ನೋದಕ್ಕೆ ಒಂದು ಚೂರು ದಾಖಲೆ ಇಲ್ಲ. ಆದರೆ ಒಂದೇ ಶೆಡ್ಡಿನಲ್ಲಿ ಬೆಳೆದ, ಮೂವತ್ತು ದಾಟದ ಹನ್ನೆರಡು ಜನರಲ್ಲಿ ಒಂಬತ್ತು ಅಂದರೆ, ಇದನ್ನು ಸುಮ್ಮನೆ ಪಕ್ಕಕ್ಕಿಡಲು ನನ್ನಿಂದ ಆಗುತ್ತಿಲ್ಲ,” ಎಂದರು ಆಗ. ದಾಖಲೆ ಎಲ್ಲಿಂದ ಬರಬೇಕು? ಮಕ್ಕಳನ್ನು ದುಡಿಸುವವನು ಹಾಜರಿ ಪುಸ್ತಕ ಇಡುತ್ತಾನೆಯೇ? ಆ ಶೆಡ್ಡಿನಲ್ಲಿ ಇವರೆಲ್ಲ ಇದ್ದರು ಎಂಬುದಕ್ಕೆ ಉಳಿದಿರುವ ಸಾಕ್ಷಿ ಹದಿನಾಲ್ಕು ಡ್ರಮ್ಮುಗಳ ತಳದಲ್ಲಿ ಮೊಳೆಯಿಂದ ಕೆತ್ತಿದ ಅಕ್ಷರಗಳು ಮಾತ್ರ.

ಹದಿಮೂರು ಡ್ರಮ್ ಒಂದೊಂದಾಗಿ ಕಲ್ಲಮ್ಮನ ಹಿತ್ತಲಿಗೆ ಬಂದು ಬೋರಲು ಬಿದ್ದವು. ತಳ ಮೇಲಾಗಿ, ಮೂರು ಮೂರು ತೂತು, ಒಂದೊಂದು ಅಕ್ಷರ. ಹದಿನಾಲ್ಕನೆಯದು ಮಾತ್ರ ಬಂದಿರಲಿಲ್ಲ. ಅದು ಹೊಳೆಹೊನ್ನೂರಿನಲ್ಲಿ, ಶಾಂತಮ್ಮನ ಅಡುಗೆಮನೆಯಲ್ಲಿತ್ತು.

ಶಾಂತಮ್ಮನ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಣ್ಣ ಇದ್ದ ಮನೆ ಮಾರಿ ಎತ್ತಲೋ ಹೋದ. ತವರಿನಿಂದ ಬಂದದ್ದು ಎಂದು ಹೇಳಿಕೊಳ್ಳಲು ಅವರಿಗಿರುವುದು ಆ ಡ್ರಮ್ ಒಂದೇ. ಪ್ರತಿ ಶುಕ್ರವಾರ ತೊಳೆದು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಕಲ್ಲಮ್ಮ ಮೊದಲ ಸಲ ಹೋದಾಗ ಶಾಂತಮ್ಮ ನಕ್ಕು, ಊಟ ಬಡಿಸಿ ಕಳಿಸಿದರು. ಎರಡನೆಯ ಸಲ ನಗಲಿಲ್ಲ.

“ನಿನ್ನದು ತೂತಾಯ್ತು ಅಂತ ನನ್ನದೂ ತೂತಾಗ್ಬೇಕಾ ಅಕ್ಕ?” ಎಂದರು ಬಾಗಿಲಿಗೆ ಅಡ್ಡ ನಿಂತು.

“ಅದಲ್ಲ ಶಾಂತಿ. ಅದ್ರಲ್ಲಿ ವಿಷ ಐತೆ.”

“ಆವತ್ತು ಇರ್ಲಿಲ್ವಾ? ನೀನೇ ತಾನೆ ತಲೆ ಒಳಗಿಟ್ಟು ಮೂಸಿದ್ದು? ಪಾಯಸ ಮಾಡಿಡು ಅಂದಿದ್ಯಾರು? ಆವತ್ತು ಚೆನ್ನಾಗಿದ್ದದ್ದು ಇವತ್ತು ಹೆಂಗೆ ಕೆಟ್ಟೋಯ್ತು, ಹೇಳು ಮಾರಾಯ್ತಿ.”

“ಆವತ್ತೂ ಕೆಟ್ಟೇ ಇತ್ತು. ನನಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ದೇ ಇದ್ಮೇಲೆ ಯಾಕೆ ಬೊಟ್ಟಿಟ್ಟೆ?”

ಶಾಂತಮ್ಮ ಅಲ್ಲಿಗೂ ನಿಲ್ಲಿಸಲಿಲ್ಲ. “ನಿನಗೆ ಮಕ್ಕಳು ನಿಲ್ಲಲಿಲ್ಲ. ಆ ಸಂಕಟಕ್ಕೆ ಊರೂರು ತಿರುಗಿ ಕಂಡೋರ ಮನೆ ಸಾಮಾನಿಗೆ ತೂತು ಹಾಕ್ತಿದೀಯ,” ಎಂದರು. ಗಂಡ ಯೋಗರಾಜ್ ಒಳಗಿನಿಂದ, “ಸಾಕು ಸುಮ್ನಿರೇ,” ಎಂದದ್ದು ಕೇಳಿಸಿತು. ಆಡಿದ ಮಾತು ಆಡಿಯಾಗಿತ್ತು. ಕಲ್ಲಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು. ಆಮೇಲೆ ಎರಡು ವರ್ಷ ಹೊಳೆಹೊನ್ನೂರಿನ ಬಸ್ಸು ಹತ್ತಲಿಲ್ಲ.

ಮತ್ತೆ ಹತ್ತಿದ್ದು ಈ ವರ್ಷ, 2008ರ ಯುಗಾದಿ ಕಳೆದ ಮರುವಾರ. ಶಾಂತಮ್ಮ ಗದ್ದೆಗೆ ಹೋಗಿದ್ದರು. ಜಗುಲಿಯ ಮೇಲೆ ಅವರ ಮಗಳು ಸಮತಾ ಒಬ್ಬಳೇ ಕೂತಿದ್ದಳು. ಏಳು ವರ್ಷದ ಹುಡುಗಿ ಐದರಂತೆ ಕಾಣುತ್ತಿದ್ದಳು. ನಡುಮಧ್ಯಾಹ್ನ ಅಷ್ಟು ಸೆಖೆಯಲ್ಲಿ ಸ್ವೆಟರ್ ಹಾಕಿಕೊಂಡಿದ್ದಳು. ಕೇಳಿದ್ದಕ್ಕೆ ನಿಧಾನವಾಗಿ, ದಪ್ಪ ದನಿಯಲ್ಲಿ ಉತ್ತರ. ರೆಪ್ಪೆಯ ಮೇಲೆ ಊತ. ಮೇಷ್ಟರು ಓದಿನಲ್ಲಿ ಮಂದ ಎಂದು ಬರೆದು ಕಳಿಸಿದ್ದಾರೆಂದು ಒಳಗಿನಿಂದ ಬಂದ ಅಜ್ಜಿ, ಶಾಂತಮ್ಮನ ಅತ್ತೆ, ಹೇಳಿದಳು. ಕಲ್ಲಮ್ಮನಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಆ ಮುಖವನ್ನು ಅವರು ತಮ್ಮ ಕನ್ನಡಿಯಲ್ಲಿ ವರ್ಷಗಟ್ಟಲೆ ನೋಡಿದ್ದಾರೆ.

ಗದ್ದೆಯಿಂದ ಬಂದ ಶಾಂತಮ್ಮ ಕಾಲು ತೊಳೆಯುವ ಮೊದಲೇ ಹೇಳಿದರು, “ಡ್ರಮ್ಮಿಗೆ ಬಂದಿದ್ರೆ ಈಗಲೇ ಹೊರಟುಬಿಡು.”

“ಡ್ರಮ್ ನೀನೇ ಇಟ್ಕೋ,” ಎಂದರು ಕಲ್ಲಮ್ಮ. “ಇನ್ಮೇಲೆ ಅದರ ಸುದ್ದಿ ಎತ್ತಲ್ಲ. ಗುರುವಾರ ಮಗೂನ ಕರ್ಕೊಂಡು ಶಿವಮೊಗ್ಗಕ್ಕೆ ಬಾ. ಒಂದು ಹನಿ ರಕ್ತ ಕೊಟ್ಟು ಹೋಗಿ. ಏನೂ ಇಲ್ಲ ಅಂದ್ರೆ ನನ್ನ ಮುಖಕ್ಕೆ ಉಗಿ.”

ಶಾಂತಮ್ಮ ಬಂದರು. ಬಾಯಿ ಬಿಗಿದುಕೊಂಡೇ ಬಂದರು. ಇಬ್ಬರದೂ ರಕ್ತ ತೆಗೆದರು, ಇಬ್ಬರದೂ ಕೆಟ್ಟಿತ್ತು. ಮಗುವಿನದು ತಾಯಿಯದಕ್ಕಿಂತ ಹೆಚ್ಚು. ಬಸುರಿನಲ್ಲಿ ತಾಯಿಗೆ ಇದ್ದದ್ದರಿಂದಲೋ, ಹುಟ್ಟಿದ ಮೇಲೆ ಕುಡಿದ ನೀರಿನಿಂದಲೋ, ಎರಡೂ ಅಲ್ಲದ ಇನ್ಯಾವುದರಿಂದಲೋ ಡಾಕ್ಟರಿಗೂ ಹೇಳಲಾಗಲಿಲ್ಲ. ಮಾತ್ರೆ ತೆಗೆದುಕೊಂಡರೆ ಎತ್ತರ ಬರುತ್ತದೆ, ಚುರುಕಾಗುತ್ತಾಳೆ ಎಂದರು. ಕಳೆದುಹೋದ ವರ್ಷಗಳಲ್ಲಿ ತಲೆಯೊಳಗೆ ಬೆಳೆಯಬೇಕಾಗಿದ್ದು ಎಷ್ಟು ವಾಪಸ್ ಬರುತ್ತದೆ ಎಂದು ಶಾಂತಮ್ಮ ಕೇಳಿದಾಗ, “ನೋಡೋಣಮ್ಮ,” ಎಂದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಎಂದು ಬಡವರಿಗೆ ಚೆನ್ನಾಗಿ ಗೊತ್ತು.

ಮೂರು ದಿನದ ಮೇಲೆ, ಭಾನುವಾರ. ಕಲ್ಲಮ್ಮ ನೀರು ಬಿಟ್ಟು ಮನೆಗೆ ಬರುವಷ್ಟರಲ್ಲಿ ಜಗುಲಿಯ ಮೇಲೆ ಶಾಂತಮ್ಮ ಕೂತಿದ್ದರು, ಮೊದಲ ಬಸ್ಸಿಗೆ ಬಂದವರು. ತೊಡೆಯ ಮೇಲೆ ಸಮತಾ, ಪಕ್ಕದಲ್ಲಿ ನೀಲಿ ಡ್ರಮ್. ಶುಕ್ರವಾರದ ಕುಂಕುಮ ಅದರ ಕೊರಳಲ್ಲಿ ಇನ್ನೂ ಇತ್ತು.

“ಕಂಡಕ್ಟರ್ ಕೇಳ್ದ, ಏನಮ್ಮ ತವರಿಗೆ ನೀರು ಹೊತ್ಕೊಂಡು ಹೋಗ್ತಿದೀಯಾ ಅಂತ,” ಎಂದರು ಶಾಂತಮ್ಮ. ನಗಲು ನೋಡಿದರು. ಆಗಲಿಲ್ಲ. “ತೂತು ನಾನೇ ಹಾಕ್ತೀನಿ ಅಕ್ಕ. ಸರಳು ಕಾಯ್ಸು.”

ಹಿತ್ತಲಲ್ಲಿ ಡ್ರಮ್ ಬೋರಲಾಯಿತು. ತಳದಲ್ಲಿ ‘ಶಾ’ ಅಕ್ಷರ. ಸೆರಗನ್ನು ಕೈಗೆ ಸುತ್ತಿಕೊಂಡು ಶಾಂತಮ್ಮ ಕೆಂಪಗೆ ಕಾದ ಸರಳನ್ನು ಒತ್ತಿದರು. ಪ್ಲಾಸ್ಟಿಕ್ಕು ಚುರ್ರೆಂದು ಒಳಗೆ ಸರಿಯಿತು. ಕಪ್ಪು ಹೊಗೆ ಎದ್ದಿತು. ಶಾಂತಮ್ಮ ಕೆಮ್ಮುತ್ತ ಹಿಂದಕ್ಕೆ ಸರಿದರು. ಅಷ್ಟು ದೂರದ ಹೊಸಿಲಲ್ಲಿ ಕೂತಿದ್ದ ಚಂದ್ರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಮಗುವನ್ನು ಒಳಗೆ ಕರೆದುಕೊಂಡರು.

ಕಲ್ಲಮ್ಮ ಮಾತ್ರ ಹೊಗೆಯ ನಡುವೆ, ಡ್ರಮ್ಮಿನ ಮೇಲೆ ಬಾಗಿ ನಿಂತೇ ಇದ್ದರು. ಮುಖದಲ್ಲಿ ಒಂದು ಸುಕ್ಕೂ ಅಲುಗಲಿಲ್ಲ.

“ವಾಸನೆ ಬರ್ತಿಲ್ವಾ ಅಕ್ಕ?” ಶಾಂತಮ್ಮ ಕೇಳಿದರು.

ಕಲ್ಲಮ್ಮ ಇನ್ನೊಮ್ಮೆ ಉಸಿರೆಳೆದರು. ಬಳಿಕ ಸರಳನ್ನು ಅವರ ಕೈಯಿಂದ ತೆಗೆದುಕೊಂಡು, “ಇನ್ನೂ ಎರಡು ಐತೆ, ಮತ್ತೆ ಕಾಯಿಸ್ತೀನಿ,” ಎಂದು ಒಲೆಯ ಕಡೆ ಹೋದರು.

“ಒಂದು ವರ್ಷದಿಂದ ಹಿಂಗೇ,” ಎಂದು ಚಂದ್ರು ಆಮೇಲೆ ಹೇಳುತ್ತಾರೆ. “ಸಾರು ಸೀದ್ರೆ ಮೊದ್ಲು ನನಗೆ ಗೊತ್ತಾಗೋದು. ಒಲೆ ಮುಂದೆ ಕೂತೋಳಿಗೆ ಗೊತ್ತಾಗಲ್ಲ. ಹೊರಗೆ ಯಾರಿಗೂ ಹೇಳ್ಬೇಡಿ ಅಂತಾಳೆ. ಮೂಗಿಲ್ಲ ಅಂತ ಗೊತ್ತಾದ್ರೆ ಡ್ರಮ್ ಯಾರು ಮೂಸೋಕೆ ಬಿಡ್ತಾರೆ?” ಬೆಳಿಗ್ಗೆ ಒಂದು ಡ್ರಮ್ಮಿಗೆ ಮೂರು ಮೂರು ಸಲ ತಲೆ ತೂರಿಸುವುದು ಅದಕ್ಕೇ. ಬಿಸಿಲಿಗಿಟ್ಟು ನೀನೂ ಮೂಸು ಎಂದು ಮನೆಯವರಿಗೇ ಹೇಳುವುದೂ ಅದಕ್ಕೇ. ಥೈರಾಯ್ಡ್ ಕೆಟ್ಟರೆ ಕೆಲವರಿಗೆ ವಾಸನೆ ಮಂಕಾಗುತ್ತದಂತೆ. ಎಂಟು ವರ್ಷ ಮೂಸಿದ್ದು ಮೂಗನ್ನೇ ತಿಂದಿರಲೂಬಹುದು. ಮಾತ್ರೆ ಒಂದು ದಿನವೂ ತಪ್ಪಿಸದಿದ್ದರೆ ಸ್ವಲ್ಪವಾದರೂ ತಿರುಗಿ ಬರಬಹುದು, ಖಾತ್ರಿ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಗೋಡೆಗೂಡಿನಲ್ಲಿ ಈಗ ಮೂರು ಬಾಟಲಿಗಳಿವೆ. ಒಂದು ಶಾಂತಮ್ಮನದು, ಒಂದು ಸಮತಾಳದು. ತಿಂಗಳಿಗೊಮ್ಮೆ ಕಲ್ಲಮ್ಮನೇ ಶಿವಮೊಗ್ಗದಿಂದ ತಂದು ಹೊಳೆಹೊನ್ನೂರಿಗೆ ಮುಟ್ಟಿಸುತ್ತಾರೆ. ಬರಿಗೈಯಲ್ಲಿ ಹೋಗುವುದಿಲ್ಲ. ತವರಿನಿಂದ ಹೋದ ಹಾಗೆ ಒಂದು ಸೇರು ಅಕ್ಕಿ, ಒಂದು ಅಚ್ಚು ಬೆಲ್ಲ ಸೆರಗಿನಲ್ಲಿರುತ್ತದೆ.

ಏನು ಆಸೆ ಉಳಿದಿದೆ ಎಂದು ಕೇಳಿದರೆ ಅವರು ಮನೆ ಕೇಳುವುದಿಲ್ಲ, ಪರಿಹಾರ ಕೇಳುವುದಿಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿ ತಮ್ಮ ಹೆಸರನ್ನೂ ಕೇಳುವುದಿಲ್ಲ. ಕೀಯನ್ನು ಹೆಗಲಿನಿಂದ ಇಳಿಸಿ, ಬಾಗಿಲಿಗೆ ಒರಗಿಸುತ್ತಾರೆ.

“ಈ ಹದಿನಾಲ್ಕು ಹೆಂಗೋ ಸಿಕ್ತು. ವಾರಕ್ಕೆ ನಲವತ್ತು ಅಂದ್ರೆ ಎಂಟು ವರ್ಷಕ್ಕೆ ಎಷ್ಟಾಯ್ತು, ನೀವೇ ನೋಡಿ. ಎಲ್ಲ ಯಾರ್ಯಾರ ಮನೇಲೋ ಅವೆ. ಸುಣ್ಣ ಯಾವತ್ತೋ ತೊಳೆದು ಹೋಗಿರುತ್ತೆ, ಇನ್ನು ಹುಡುಕ್ಬೇಕು ಅಂದ್ರೆ ಮೂಗೊಂದೇ ಗತಿ,” ಎನ್ನುತ್ತಾರೆ. “ಮೂಗು ಪೂರ್ತಿ ಬರೋದು ಬೇಡ, ಅರ್ಧ ಬಂದ್ರೆ ಸಾಕು. ಒಳ್ಳೇದು ಅಂತ ಬೊಟ್ಟಿಟ್ಟೋಳು ನಾನು. ಕೆಟ್ಟದ್ದು ಅಂತ ಹೇಳೋಕೂ ನಾನೇ ಹೋಗ್ಬೇಕಲ್ವಾ.”